ಮಳೆಮನೆಯ ಬತ್ತಿ

ದಾವಣಗೆರೆಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ನನ್ನ ಮೂಗಿನಿಂದ ರಕ್ತ ಬಂತು. ಯಾರೂ ಹೊಡೆದಿರಲಿಲ್ಲ, ನಾನು ಎಲ್ಲೂ ಬಿದ್ದಿರಲಿಲ್ಲ. ಬಿಳಿ ಪಂಚೆಯ ಮೇಲೆ ಬಿದ್ದ ಹನಿಗಳನ್ನು ನೋಡಿ, ಊರು ಬಿಟ್ಟು ಬಂದದ್ದಕ್ಕೆ ಇದೇ ಶಿಕ್ಷೆ ಎಂದುಕೊಂಡೆ. ನಾನು ಇಳಿದುಕೊಂಡಿದ್ದ ಹೋಟೆಲಿನ ಮಾಲೀಕರು ನಮ್ಮ ಕಡೆಯವರೇ. ಬೆರಳಿಗೆ ತೆಂಗಿನೆಣ್ಣೆ ಹಾಕಿ ಮೂಗಿನೊಳಗೆ ಸವರಿಕೋ ಎಂದರು. "ಹೆದರಬೇಡ ಮಾರಾಯ. ಇಲ್ಲಿನ ಗಾಳಿಯಲ್ಲಿ ನೀರಿಲ್ಲ, ಅಷ್ಟೇ. ನನಗೂ ಮೊದಲ ವರ್ಷ ಹೀಗೇ ಆದದ್ದು."

ಗಾಳಿಯಲ್ಲಿ ನೀರಿಲ್ಲದಿರುವುದು ಹೇಗಿರುತ್ತದೆ ಎಂದು ಸಮುದ್ರದ ದಂಡೆಯ ಗಂಗೊಳ್ಳಿಯಲ್ಲಿ ಕೂತು ಇದನ್ನು ಓದುವ ನಿಮಗೆ ಹೇಗೆ ತಿಳಿಸಲಿ? ನಮ್ಮಲ್ಲಿ ಉಪ್ಪು ಹಾಕಿಡುವ ಮರದ ಮರಿಗೆ ವರ್ಷವಿಡೀ ಬೆವರುತ್ತದೆ. ಬೆಂಕಿಪೆಟ್ಟಿಗೆಯನ್ನು ಒಲೆಯ ಪಕ್ಕದಲ್ಲಿ ಇಟ್ಟು ಸಾಕುತ್ತೇವೆ. ಒಗೆದ ಬಟ್ಟೆ ಎರಡು ದಿನವಾದರೂ ತಣ್ಣಗೇ ಇರುತ್ತದೆ. ಇಲ್ಲಿ ಎಂಟು ಗಂಟೆಗೆ ಒಣಹಾಕಿದ ಪಂಚೆ ಒಂಬತ್ತಕ್ಕೆ ಹಪ್ಪಳ. ಉಪ್ಪು ಡಬ್ಬಿಯಿಂದ ತಾನಾಗಿ ಸುರಿಯುತ್ತದೆ, ತುಟಿ ಒಡೆದು ನಗುವುದಕ್ಕೂ ಕಷ್ಟ. ಇಂಥ ಊರಿಗೆ ನಾನು ಬಂದದ್ದು ಯಾವ ಕೆಲಸಕ್ಕೆ ಗೊತ್ತೇ? ಗಾಳಿಯನ್ನು ಒದ್ದೆ ಮಾಡುವ ಕೆಲಸಕ್ಕೆ. ಊರಲ್ಲಿ ಪುಕ್ಕಟೆ ಸಿಗುತ್ತಿದ್ದುದನ್ನು ಇಲ್ಲಿ ಸಂಬಳ ಕೊಟ್ಟು ಮಾಡಿಸುತ್ತಾರೆ.

ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ನಾನು ಪಂಪು, ಬೆಲ್ಟು, ಎಂಜಿನು ನೋಡಿಕೊಳ್ಳುತ್ತಿದ್ದೆ. ಆ ಅನುಭವ ಕೇಳಿ ಇಲ್ಲಿನ ಹತ್ತಿ ಮಿಲ್ಲಿನವರು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡರು. ಆರು ತಿಂಗಳಲ್ಲಿ ತಪ್ಪಾದರೆ ಬಂದ ಬಸ್ಸಿನಲ್ಲೇ ವಾಪಸು.

ಕೆಲಸ ಸಿಕ್ಕಿದಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಮಂಡಿಪೇಟೆಯ ಒಬ್ಬ ಸಾಹುಕಾರರು ಮಹಡಿಯ ಕೋಣೆ ತೋರಿಸಿ, ಬೀಗದ ಕೈ ಕೊಡುವ ಹೊತ್ತಿಗೆ ಊರು ಯಾವುದು ಎಂದು ಕೇಳಿದರು. ಹೇಳಿದೆ. ಮೀನು ತಿನ್ನುವ ಕಡೆಯವನು ಎಂದು ಬೀಗದ ಕೈ ಮತ್ತೆ ಅವರ ಜೇಬಿಗೆ ಹೋಯಿತು. ಇನ್ನು ಮುಂದೆ ಸುಳ್ಳು ಹೇಳುವುದೇ ಸರಿ ಎಂದು ನಿರ್ಧರಿಸಿದೆ. ಅಷ್ಟರಲ್ಲಿ ಮಿಲ್ಲಿನಲ್ಲಿ ನೂಲುವ ಯಂತ್ರ ನೋಡುವ ರುದ್ರಪ್ಪ ಎಂಬವನು, "ನಮ್ಮೂರಿಗೆ ಬರ್ರಿ, ಪಡಸಾಲಿ ಪಕ್ಕ ಒಂದು ಖೋಲಿ ಖಾಲಿ ಐತೆ" ಎಂದು ಕರೆದ. ಅವನ ಊರು ಹರಿಹರದ ಪಕ್ಕದ ಗುತ್ತೂರು. ಅಲ್ಲಿಂದ ಹರಿಹರದ ಸ್ಟೇಷನ್ನಿಗೆ ನಡೆದು, ಬೆಳಗಿನ ರೈಲು ಹಿಡಿದರೆ ದಾವಣಗೆರೆ. ರುದ್ರಪ್ಪ ನನಗಿಂತ ಹತ್ತು ವರ್ಷ ದೊಡ್ಡವನು. ಅಂದಿನಿಂದ ಅವನು ನನಗೆ ರುದ್ರಪ್ಪಣ್ಣ.

ಅವನ ತಾಯಿ ಗೌರವ್ವ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಮುದ್ರದ ಕಡೆಯೋನು ಅಂತಾನೆ ರುದ್ರ. ಮೀನ ತಿಂತೀಯೇನಪ್ಪ?" ಎಂದರು. ಸಿದ್ಧ ಮಾಡಿಕೊಂಡಿದ್ದ ಸುಳ್ಳು ಆ ಕಣ್ಣುಗಳ ಮುಂದೆ ನಾಲಿಗೆಗೆ ಬರಲಿಲ್ಲ. "ತಿಂತೇನೆ ಅವ್ವ" ಎಂದೆ.

"ಖರೇ ಹೇಳಿದಿ. ಸುಳ್ಳು ಹೇಳಿದ್ರೆ ಹಂಗೇ ಕಳಿಸ್ತಿದ್ದೆ. ಈ ಮನಿಯಾಗ ಇರೋ ತನಕ ಮುಟ್ಟಬ್ಯಾಡ. ಹೋಗು, ಕೈಕಾಲು ತೊಳ್ಕ."

ಹೀಗೆ ನನಗೆ ಮನೆ ಸಿಕ್ಕಿತು, ಮೀನು ತಪ್ಪಿತು. ಕುಚ್ಚಲಕ್ಕಿ ಗಂಜಿಯ ಜಾಗಕ್ಕೆ ಜೋಳದ ರೊಟ್ಟಿ ಬಂತು. ಮೊದಲ ವಾರ ದವಡೆ ನೋಯುತ್ತಿತ್ತು. ನಾನು ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಅದ್ದಿ ಮೆತ್ತಗೆ ಮಾಡುವುದನ್ನು ನೋಡಿ ಗೌರವ್ವ, "ಹಲ್ಲಿಲ್ಲದ ಮುದುಕ ಬಂದಾನೆ ನಮ್ಮನಿಗೆ" ಎಂದು ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದರು. ಹಣ್ಣು ಇದೆ ಎನ್ನಲು ನಮ್ಮ ಕಡೆಯ ಮಾತಿನಲ್ಲಿ ನಾನು "ಹಣ್ಣು ಇತ್ತು" ಎಂದರೆ, ಈಗ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು. ಕ್ರಮೇಣ ನನ್ನ ಬಾಯಲ್ಲೂ "ಐತೆ" ಕೂತಿತು. ಆದರೆ ಸಂಜೆ ಹೊಳೆಯ ದಂಡೆಗೆ ಹೋದರೆ ಎದೆ ಭಾರವಾಗುತ್ತಿತ್ತು. ಈ ತುಂಗಭದ್ರೆ ನಮ್ಮ ಸಮುದ್ರಕ್ಕೆ ಬೆನ್ನು ಹಾಕಿ ಮೂಡಣಕ್ಕೆ ಹರಿಯುತ್ತಾಳೆ. ಹೊಳೆ ಎಂದರೆ ಪಡುವಣಕ್ಕೆ ಹರಿಯುವುದು ಎಂದು ನಂಬಿ ಬೆಳೆದವನಿಗೆ ಅದನ್ನು ನೋಡುವುದೇ ಒಂದು ಸಂಕಟವಾಗಿತ್ತು.

ಇನ್ನು ನನ್ನ ಕೆಲಸದ ಮಾತು. ಹತ್ತಿಯ ಎಳೆಗೂ ನನ್ನ ಮೂಗಿಗೂ ಒಂದೇ ಕಾಯಿಲೆ. ಒಣಗಾಳಿಯಲ್ಲಿ ಅದೂ ಒಡೆಯುತ್ತದೆ. ನೂಲು ಸುತ್ತುವ ಸಾವಿರಾರು ಕದಿರುಗಳು ತಿರುಗುವ ಆ ದೊಡ್ಡ ಹಾಲಿನಲ್ಲಿ ಗಾಳಿ ಒಣಗಿತೆಂದರೆ ಎಳೆಗಳು ಪಟಪಟನೆ ಕಡಿಯುತ್ತವೆ, ಹತ್ತಿಯ ನವಿರೆಲ್ಲ ಹಾರಿ ಮೈಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಹಾಲಿನ ಪಕ್ಕದಲ್ಲಿ ಒಂದು ಕತ್ತಲೆ ಕೋಣೆ. ಒಂದು ಗೋಡೆಯಲ್ಲಿ ಆಳೆತ್ತರದ ಫ್ಯಾನು ಹೊರಗಿನ ಬಿಸಿಗಾಳಿಯನ್ನು ಒಳಗೆಳೆಯುತ್ತದೆ. ಕೊಳವೆಗಳ ಸಾಲಿಗೆ ಜೋಡಿಸಿದ ನೂರಾರು ಸಣ್ಣ ಮೂತಿಗಳಿಂದ ನೀರು ಮಂಜಿನಂತೆ ಚಿಮ್ಮುತ್ತದೆ. ಗಾಳಿ ಆ ಮಂಜನ್ನು ಹಾಯುವಾಗ ಧೂಳು ಕಳೆದುಕೊಂಡು, ತಣ್ಣಗಾಗಿ, ನೀರು ಕುಡಿಯುತ್ತದೆ. ಮುಂದೆ ಅಂಕುಡೊಂಕಾಗಿ ನಿಲ್ಲಿಸಿದ ತಗಡುಗಳು ದಪ್ಪ ಹನಿಗಳನ್ನು ತಡೆಯುತ್ತವೆ, ಯಾಕೆಂದರೆ ನೂಲಿಗೆ ತೇವ ಬೇಕು, ಸ್ನಾನ ಬೇಡ. ಹದವಾದ ಗಾಳಿ ತಗಡಿನ ದೊಡ್ಡ ಕೊಳವೆಯಲ್ಲಿ ಹಾಲಿನ ಉದ್ದಕ್ಕೂ ಹೋಗುತ್ತದೆ. ಮಿಲ್ಲಿನವರು ಈ ಕೋಣೆಗೆ ಮಳೆಮನೆ ಎನ್ನುತ್ತಿದ್ದರು.

ಆರೈಕೆ ಎಂದರೆ ದಿನವೂ ಮೂತಿಗಳನ್ನು ಬಿಚ್ಚಿ ಸುಣ್ಣದ ಹೆಕ್ಕಳ ಕೆರೆಯಬೇಕು, ತೊಟ್ಟಿಯ ಜಾಲರಿಯಿಂದ ಹತ್ತಿಯ ಕೆಸರು ಬಳಿಯಬೇಕು, ತಗಡುಗಳ ಪಾಚಿ ಉಜ್ಜಬೇಕು. ನಾನು ಅದನ್ನೆಲ್ಲ ಬೇಸರವಿಲ್ಲದೆ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ, ಮೊದಲ ದಿನ ಮಳೆಮನೆಯ ಬಾಗಿಲು ತೆಗೆದಾಗ ನನ್ನ ಕಣ್ಣು ತುಂಬಿ ಬಂತು. ಆ ಹಸಿ ವಾಸನೆ, ಚರ್ಮಕ್ಕೆ ಅಂಟುವ ಆ ತಂಪು, ಜೂನ್ ತಿಂಗಳ ಗಂಗೊಳ್ಳಿಯೇ. ಮನೆಯ ನೆನಪು ಕಾಡಿದಾಗಲೆಲ್ಲ ತೊಟ್ಟಿ ನೋಡುವ ನೆಪದಲ್ಲಿ ಒಳಗೆ ಹೋಗಿ ಐದು ನಿಮಿಷ ಸುಮ್ಮನೆ ನಿಂತು ಬರುತ್ತಿದ್ದೆ.

ಹಾಲಿನಲ್ಲಿ ತೇವ ಎಷ್ಟಿದೆ ಎಂದು ಹೇಳುವುದು ಗೋಡೆಯ ಮೇಲಿನ ಎರಡು ಗಾಜಿನ ಕಡ್ಡಿಗಳು, ನಮ್ಮ ಡಾಕ್ಟರರ ಜ್ವರದ ಕಡ್ಡಿಯಂಥವೇ. ಒಂದು ಬರಿ ಮೈಯದು. ಇನ್ನೊಂದರ ಬುಡಕ್ಕೆ ಬಟ್ಟೆಯ ಬತ್ತಿ ಸುತ್ತಿ, ಅದರ ತುದಿಯನ್ನು ನೀರಿನ ಬಟ್ಟಲಲ್ಲಿ ಇಳಿಬಿಟ್ಟಿರುತ್ತಾರೆ. ಬತ್ತಿಯ ನೀರು ಆರುತ್ತಾ ಆ ಗಾಜನ್ನು ತಣ್ಣಗೆ ಮಾಡುತ್ತದೆ. ಎರಡರ ಅಂತರ ಹೆಚ್ಚಿದರೆ ಗಾಳಿ ಒಣಗಿದೆ ಎಂದು ಅರ್ಥ, ನೀರು ಹೆಚ್ಚಿಸಬೇಕು. ಅಂತರ ಕಡಿಮೆಯಾದರೆ ತೇವ ಜಾಸ್ತಿ, ನೀರು ಇಳಿಸಬೇಕು. ನಾನು ಬಂದ ಹೊಸದರಲ್ಲಿ, ಗಾಜು ನೋಡದೆ ಚರ್ಮದಿಂದಲೇ ತೇವ ಹೇಳಬಲ್ಲೆ ಎಂದು ಜಂಬ ಕೊಚ್ಚಿದ್ದೆ. ಹಳೆಯ ಫಿಟ್ಟರು, "ನಿನ್ ಚರ್ಮದ ಮಾತು ಬ್ಯಾಡ, ಗಾಜಿನ ಮಾತು ಕೇಳು" ಎಂದು ಎಲ್ಲರೆದುರು ಮುಖಕ್ಕೆ ಹೊಡೆದಂತೆ ಹೇಳಿದ. ಅಂದಿನಿಂದ ಹಟ ಹಿಡಿದು ಗಾಜನ್ನೇ ನಂಬಿದೆ.

ನಾಲ್ಕನೆಯ ತಿಂಗಳು, ಬೇಸಿಗೆ. ಬತ್ತಿ ಸುಣ್ಣ ಕಟ್ಟಿ ಕಲ್ಲಿನಂತಾಗಿತ್ತು. ಬಟ್ಟೆಗೇನು ಬರ, ಹತ್ತಿ ಮಿಲ್ಲಿನಲ್ಲಿ? ನೇಯ್ಗೆಯ ಕಡೆಯಿಂದ ಹೊಸ ಬಟ್ಟೆಯ ಅಚ್ಚುಕಟ್ಟಾದ ಚೂರೊಂದನ್ನು ತಂದು ಸುತ್ತಿದೆ. ನೋಡಲು ಬಹಳ ಚೆನ್ನಾಗಿತ್ತು. ಗಾಜಿನ ಅಂತರ ಕಡಿಮೆಯಾಯಿತು. ಓಹೋ, ತೇವ ಜಾಸ್ತಿಯಾಗಿದೆ ಎಂದು ಮೂತಿಗಳ ಒಂದು ಸಾಲು ಮುಚ್ಚಿದೆ. ಮರುದಿನ ಇನ್ನೊಂದು.

ಎಳೆಗಳು ಕಡಿಯತೊಡಗಿದವು. ಎಲ್ಲರಿಗಿಂತ ಹೆಚ್ಚು ಕಡಿದದ್ದು ರುದ್ರಪ್ಪಣ್ಣನ ಯಂತ್ರದಲ್ಲಿ. ಅವನ ಸಾಲು ಗಾಳಿಯ ಕೊಳವೆಯ ಕೊನೆಯಲ್ಲಿ, ಬಿಸಿಲು ಹೊಡೆಯುವ ಗೋಡೆಯ ಪಕ್ಕ ಇತ್ತು. ಅವನು ಆಗ ಐದು ವರ್ಷದ ಬದಲಿ ಕೆಲಸಗಾರ. ಬದಲಿ ಎಂದರೆ ದಿನವೂ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು, ಯಾರಾದರೂ ಬಾರದಿದ್ದರೆ ಮಾತ್ರ ಒಳಗೆ ಕರೆಯುತ್ತಾರೆ. ಆ ವರ್ಷವಷ್ಟೇ ಅವನನ್ನು ಖಾಯಂ ಮಾಡಲು ಒಂದು ಸಾಲು ಕೊಟ್ಟು ನೋಡುತ್ತಿದ್ದರು. ಹೆಂಡತಿ ಚೊಚ್ಚಲ ಹೆರಿಗೆಗೆ ನಂದಿಗುಡಿಯ ತವರಿಗೆ ಹೋಗಿದ್ದಳು. ಕೂಸು ಬರುವುದರೊಳಗೆ ಖಾಯಂ ಆಗಬೇಕು ಎಂಬುದೊಂದೇ ಅವನ ಆಸೆ.

ಒಂದು ದಿನ ಅವನು ಬೆವರು ಸುರಿಸುತ್ತಾ ಎಳೆ ಜೋಡಿಸುತ್ತಲೇ ನನ್ನನ್ನು ಕರೆದ. ಮಂಡಕ್ಕಿಯ ಪೊಟ್ಟಣ ಮುಂದೆ ಹಿಡಿದ. ನಮ್ಮ ಚುರುಮುರಿಗೆ ಇಲ್ಲಿ ಮಂಡಕ್ಕಿ ಎನ್ನುತ್ತಾರೆ, ಅದಿಲ್ಲದೆ ಇಲ್ಲಿಯವರಿಗೆ ಸಂಜೆಯಾಗುವುದಿಲ್ಲ. "ಶೀನ, ತಿಂದು ನೋಡು. ಬೆಳಿಗ್ಗಿಂದ ಇಲ್ಲೇ ಐತೆ, ಇನ್ನೂ ಗರಿಗರಿ. ಯಾವತ್ತೂ ಅರ್ಧ ತಾಸಿಗೆ ಮೆತ್ತಗಾಗ್ತಿತ್ತು. ನಿನ್ ಮಳೆಮನಿ ನಿದ್ದಿ ಮಾಡ್ತೈತೇನು?"

ನನ್ನ ತುಟಿಯೂ ಎರಡು ದಿನದಿಂದ ಉರಿಯುತ್ತಿತ್ತು. ಆದರೂ ನಾನು ಗಾಜಿನ ಕಡೆ ಕೈ ತೋರಿಸಿ, "ಲೆಕ್ಕ ಸರಿಯಾಗೈತೆ ಅಣ್ಣ" ಎಂದೆ. ಆ ಮಾತು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ವಾರದೊಳಗೆ ಅವನ ಸಾಲನ್ನು ಬೇರೆಯವನಿಗೆ ಕೊಟ್ಟರು. ಕೈಯಲ್ಲಿ ಚುರುಕಿಲ್ಲ ಎಂದು ಬರೆದರಂತೆ. ಮರುದಿನ ನಾವಿಬ್ಬರೂ ಒಂದೇ ರೈಲಿನಲ್ಲಿ ಬಂದು, ನಾನು ಗೇಟಿನೊಳಗೆ ಹೋದೆ, ಅವನು ಹೊರಗೆ ನಿಂತ.

ಆ ಭಾನುವಾರ ಗೌರವ್ವ ಹಿತ್ತಲಲ್ಲಿ, ಮಗ ಹಿಂದೆ ಮಿಲ್ಲಿನಿಂದ ತಂದಿದ್ದ ಹೊಸ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ್ದರು. ಕೂಸನ್ನು ತೂಗುವ ಜೋಳಿಗೆಗೆಂದು ಎತ್ತಿಟ್ಟದ್ದು. ಬಟ್ಟೆ ಮುಳುಗದೆ ತೇಲುತ್ತಿತ್ತು. ಒತ್ತಿ ಹಿಡಿಯಲು ಹೋದೆ. "ಬಿಡು, ಹೊಸಾ ಬಟ್ಟಿ ನೀರು ಕುಡಿಯಂಗಿಲ್ಲ. ಗಂಜಿ ಹಾಕಿರ್ತಾರೆ. ನಾಕು ಸಲ ಒಗದ ಮ್ಯಾಲೆ ಮೆತ್ತಗಾಗ್ತೈತೆ" ಎಂದರು.

ನನ್ನ ಕೈ ನೀರಿನಲ್ಲೇ ನಿಂತುಬಿಟ್ಟಿತು. ನೀರು ಕುಡಿಯದ ಬತ್ತಿ. ಒಣಗಿದ ಗಾಜು. ಒಣಗಿದ ಗಾಜು ಬರಿ ಮೈಯ ಗಾಜಿನಷ್ಟೇ ತೋರಿಸುತ್ತದೆ, ಅಂತರ ಕಡಿಮೆಯಾಗುತ್ತದೆ. ನಾನು ಅದನ್ನು ತೇವ ಎಂದು ಓದಿ, ಇದ್ದ ನೀರನ್ನೂ ನಿಲ್ಲಿಸಿದ್ದೆ. ಎಳೆ ಕಡಿದದ್ದು ರುದ್ರಪ್ಪಣ್ಣನ ಕೈಯಿಂದಲ್ಲ. ಆ ತಾಯಿಗೆ ಅದನ್ನು ಅಲ್ಲೇ ಹೇಳುವ ಧೈರ್ಯ ನನಗಾಗಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಹಳೆಯ ಟವೆಲಿನ ಅಂಚು ಹರಿದು ಬತ್ತಿ ಬದಲಾಯಿಸಿದೆ, ಎಲ್ಲ ಮೂತಿಗಳನ್ನೂ ತೆರೆದೆ. ಸುಮ್ಮನೆ ಸರಿಮಾಡಿದರೆ ಸಾಕು, ಎಳೆ ಕಡಿಯುವುದು ನಿಂತರೆ ರುದ್ರಪ್ಪಣ್ಣನನ್ನು ತಾನಾಗಿಯೇ ಕರೆಯುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಮಧ್ಯಾಹ್ನದೊಳಗೆ ಕಡಿಯುವುದು ನಿಂತಿತು. ನೂಲುವ ವಿಭಾಗಕ್ಕೆಲ್ಲ ಮೇಲಿನವರಾದ ಸ್ಪಿನ್ನಿಂಗ್ ಮಾಸ್ತರು ಆ ಸಾಲಿನ ಮುಂದೆ ನಿಂತು, "ನೋಡಿ, ಆಳು ಬದಲಾಯಿಸಿದ್ದೇ ತಡ, ಹೇಗೆ ನಡೀತಿದೆ" ಎಂದು ಆಳುಗಳ ಮೇಸ್ತ್ರಿ ಜಾಬರನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನ್ನ ರಿಪೇರಿ ರುದ್ರಪ್ಪಣ್ಣನ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿ ನಿಂತಿತ್ತು.

ಪಾಳಿ ಮುಗಿಯುವವರೆಗೂ ಒಂದೇ ಲೆಕ್ಕ ಹಾಕುತ್ತಿದ್ದೆ. ಹೇಳಿದರೆ ಗಂಗೊಳ್ಳಿಯ ಬಸ್ಸು. ಊರಲ್ಲಿ ಅಣ್ಣನ ಮನೆಯ ಜಗಲಿಯ ಮೇಲೆ ಕೆಲಸ ಕಳೆದುಕೊಂಡವನಾಗಿ ಕೂರಬೇಕು. ಆಶ್ಚರ್ಯವೆಂದರೆ ನನಗೆ ಅಂದು ದುಃಖ ತಂದದ್ದು ಆ ಜಗಲಿಯಲ್ಲ. ಗುತ್ತೂರಿನ ಕಟ್ಟೆ ತಪ್ಪಿಹೋಗುತ್ತದಲ್ಲ ಎಂಬುದು.

ಮಾಸ್ತರರ ಕೋಣೆಗೆ ಹೋಗಿ ಹೇಳಿದೆ. ಅವರು ಆ ಹೊಸ ಬಟ್ಟೆಯ ಚೂರನ್ನು ಕುಡಿಯುವ ನೀರಿನ ಲೋಟಕ್ಕೆ ಹಾಕಿ ನೋಡಿದರು. ತೇಲಿತು. ಬೆರಳಿನಿಂದ ಒತ್ತಿದರು, ಮತ್ತೆ ಮೇಲೆ ಬಂತು.

"ಸರಿಮಾಡಿ ಆಗಿದೆಯಲ್ಲ. ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಗೇಟಿನ ಹತ್ರ ನಿಂತಿರೋದು ನಮ್ಮ ಮನೆಯವರು, ಸಾರ್."

ರುದ್ರಪ್ಪಣ್ಣನನ್ನು ಮರುದಿನ ಒಳಗೆ ಕರೆದರು. ನನ್ನ ಆರು ತಿಂಗಳ ಪರೀಕ್ಷೆ ಮತ್ತೆ ಮೊದಲ ದಿನದಿಂದ ಶುರುವಾಯಿತು. ಅಂದು ಸಂಜೆ ವಾಪಸು ಬರುವ ರೈಲಿನಲ್ಲಿ ರುದ್ರಪ್ಪಣ್ಣನಿಗೆ ಎಲ್ಲ ಹೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತಾ, "ಮಂಡಕ್ಕಿ ಹೇಳ್ತಲ್ಲೋ ನಿಂಗೆ" ಎಂದನಷ್ಟೇ. ಗೌರವ್ವ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ನಾನು ಕೋಣೆಯಿಂದ ಹೊರಗೆ ಬಾರದಿದ್ದಾಗ ಬಾಗಿಲ ಹತ್ತಿರ ಬಂದು, "ತಪ್ಪು ಮಾಡಿದಿ, ಹೇಳಿದಿ, ಮುಗೀತು. ರೊಟ್ಟಿ ಆರ್ತಾವೆ, ಏಳು" ಎಂದರು.

ಆ ವರ್ಷ ಅಮ್ಮ ಹೊದೆಯಲೆಂದು ತನ್ನ ಹಳೆಯ ಹತ್ತಿ ಸೀರೆಯನ್ನು ಹೋಟೆಲಿನವರ ಕೈಯಲ್ಲಿ ಕಳಿಸಿದಳು. ಗೌರವ್ವ ಅದನ್ನು ಮೂಸಿ ನೋಡಿ, ಒಣಮೀನಿನ ವಾಸನೆಗೆ ಮುಖ ಕಿವುಚಿ, ಮೂರು ಸಲ ಹೊಳೆಯಲ್ಲಿ ಒಗೆಸಿದ ಮೇಲೆಯೇ ಒಳಗೆ ಬಿಟ್ಟರು. ಅದಕ್ಕಿಂತ ಮೆತ್ತನೆಯ ಬಟ್ಟೆ ಇನ್ನೆಲ್ಲಿ? ಅಂದಿನಿಂದ ಪ್ರತಿ ತಿಂಗಳ ಮೊದಲ ತಾರೀಖು ಅದರಿಂದ ಎರಡು ಬೆರಳಗಲ ಹರಿದು ಬತ್ತಿ ಮಾಡುತ್ತೇನೆ. ಮಿಲ್ಲಿನ ಬಾವಿಯ ನೀರು ಸುಣ್ಣ ಕಟ್ಟುತ್ತದೆಂದು ಬಟ್ಟಲಿಗೆ ಹೊಳೆಯ ನೀರನ್ನೇ ಸೀಸೆಯಲ್ಲಿ ಒಯ್ಯುತ್ತೇನೆ.

ಹತ್ತು ವರ್ಷವಾಯಿತು. ರುದ್ರಪ್ಪಣ್ಣನ ಮಗಳು ಶಾಲೆಗೆ ಹೋಗುತ್ತಾಳೆ. ಈಗ ಗಂಗೊಳ್ಳಿಗೆ ಬಂದರೆ ಎರಡನೆಯ ದಿನಕ್ಕೇ ಮೈ ಅಂಟಂಟಾಗಿ ನಿದ್ದೆ ಬರುವುದಿಲ್ಲ. ಇಲ್ಲಿಗೆ ಬಂದರೆ ತುಟಿ ಒಡೆಯುತ್ತದೆ. ಎರಡೂ ಊರಿನ ಗಾಳಿ ನನ್ನನ್ನು ಅರ್ಧಕ್ಕೆ ಬಿಟ್ಟಿದೆ. ಅಮ್ಮ ಹೋಗಿ ಎರಡು ವರ್ಷ. ಹೋದ ತಿಂಗಳು ಪೆಟ್ಟಿಗೆ ತೆಗೆದು ನೋಡಿದರೆ ಅವಳ ಸೀರೆ ಒಂದು ಅಂಗೈ ಅಗಲ ಮಾತ್ರ ಉಳಿದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹಳೆಯ ಸೀರೆ ಮಡಿಸಿಟ್ಟಿತ್ತು, ಗೌರವ್ವನದು. ಯಾವಾಗ ಇಟ್ಟರೋ, ಹೇಳಿರಲಿಲ್ಲ.

ಅಮ್ಮನ ಸೀರೆಯ ಚೂರನ್ನು ಎತ್ತಿ ಒಳಗಿಟ್ಟೆ. ಗೌರವ್ವನ ಸೀರೆಯ ಅಂಚು ಹರಿದು ಬತ್ತಿ ಸುತ್ತಿ, ಬಟ್ಟಲಿಗೆ ಹೊಳೆಯ ನೀರು ಹಾಕಿ, ಗೋಡೆಯ ಮುಂದೆ ಕಾಯುತ್ತಾ ನಿಂತೆ. ಗಾಜು ಎಂದಿನಷ್ಟೇ ಸರಿಯಾಗಿ ತೋರಿಸಿತು. ಸಮಾಧಾನವಾಯಿತು. ಅಮ್ಮನ ಪರವಾಗಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.