ಅವ್ವನ ಕಿವಿಯೊಳಗಿನ ಚಿತ್ರ

ಅವ್ವನ ಎಡಗಿವಿ ಸೋರಲು ಹಿಡಿದು ಎಷ್ಟು ವರ್ಷವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುವುದು, ಹತ್ತಿ ತುರುಕುವುದು, ಮತ್ತೆ ಎಲೆತೋಟದ ಕೆಲಸಕ್ಕೆ ಹೋಗುವುದು. ಸವಣೂರಿನ ನಮ್ಮ ಮನೆಯ ಮದ್ದು ಅಷ್ಟೇ. ಕೊನೆಗೆ ನಾನು ಜಗಳವಾಡಿಯೇ ಹುಬ್ಬಳ್ಳಿಗೆ ಕರೆದೊಯ್ದೆ. ಜಗಳದ ವಿಷಯದಲ್ಲಿ ನಾನು ಅವಳದೇ ಮಗಳು.

ಕಿವಿಯ ಡಾಕ್ಟರರು ಪರೀಕ್ಷೆ ಮಾಡಿ, ಆಪರೇಷನ್ ಆಗಲೇಬೇಕು ಎಂದರು. ಕಿವಿತಮಟೆಯ ಹಿಂದೆ ಕೆಟ್ಟ ಚರ್ಮ ಬೆಳೆದು ಎಲುಬನ್ನು ತಿನ್ನುತ್ತಿದೆಯಂತೆ. ಅಲ್ಲೇ ಪಕ್ಕದಲ್ಲಿ ಮುಖ ಆಡಿಸುವ ನರ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗುತ್ತದೆ. ಅದಕ್ಕೇ ಒಳಗಿನದನ್ನೆಲ್ಲ ಮೊದಲು ಸಿ.ಟಿ. ಸ್ಕ್ಯಾನಿನಲ್ಲಿ ನೋಡಬೇಕು ಎಂದರು. ಅವ್ವನಿಗೆ ಬೇರೇನೂ ಕೇಳಿಸಲಿಲ್ಲ, ಬಾಯಿ ಸೊಟ್ಟಗಾಗುವುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಕಿವುಡಿ ಆಗೇ ಇರ್ತೇನಿ. ಸೊಟ್ಟ ಮಾರಿ ತಗೊಂಡು ಓಣ್ಯಾಗ ಹೆಂಗ ತಿರಗ್ಲಿ?" ಎಂದಳು.

ಮತ್ತೊಂದು ಜಗಳದ ನಂತರ ಒಪ್ಪಿದಳು. ಸ್ಕ್ಯಾನಿನ ದಿನ ಬೆಂಡೋಲೆ, ಮೂಗುಬೊಟ್ಟು ಬಿಚ್ಚಿ ನನ್ನ ಕೈಗಿಟ್ಟು ಒಳಗೆ ಹೋದಳು. ತಲೆ ಅಲ್ಲಾಡಿಸಬಾರದು ಎಂದಿದ್ದರು, ಅವಳು ಅಲ್ಲಾಡಿಸಲೂ ಇಲ್ಲ. ಆದರೂ ಚಿತ್ರ ಮಸುಕಾಗಿ ಬಂತು. ಅಕ್ಕಿಕಾಳಿನಷ್ಟು ಸಣ್ಣ ಎಲುಬುಗಳನ್ನು ನೋಡುವ ಚಿತ್ರ ಅದು, ತುಸು ಅಲುಗಿದರೂ ಕೆಡುತ್ತದೆ. ನಿಮ್ಮ ಯಂತ್ರವೇ ಸರಿಯಿಲ್ಲ ಎಂದು ನಾನು ದನಿ ಏರಿಸಿದೆ. ಸ್ಕ್ಯಾನ್ ಮಾಡುವವರು ಅವ್ವನ ಕೆನ್ನೆ ನೋಡಿ, ಬಾಯಿ ತೆರೆಯಲು ಹೇಳಿದರು. ಬಸ್ಸು ತಡಸ ಊರು ದಾಟುವಾಗ ಹಾಕಿಕೊಂಡ ಎಲೆಯಡಿಕೆ ಇನ್ನೂ ದವಡೆಯಲ್ಲೇ ಇತ್ತು.

"ಅಂಜಿಕಿ ಆದ್ರ ಬಾಯಿ ತಾನಾಗೇ ಜಗಿತೈತ್ರಿ," ಎಂದಳು ಅವ್ವ.

ನಾನು ನೀರಿನ ಬಾಟಲಿ ಕೊಟ್ಟೆ. ಅವಳು ಬಾಯಿ ಮುಕ್ಕಳಿಸಿ ಮತ್ತೆ ಮಲಗಿದಳು. ಎರಡನೆಯ ಚಿತ್ರ ಚೆನ್ನಾಗಿ ಬಂತು.

ಡಾಕ್ಟರರು ಅದನ್ನು ಕಂಪ್ಯೂಟರಿನಲ್ಲಿ ನನಗೆ ತೋರಿಸಿದರು. ನರದ ಮೇಲಿನ ಎಲುಬಿನ ಹೊದಿಕೆ ಒಂದು ಕಡೆ ಪೂರ್ತಿ ಸವೆದು ಹೋಗಿತ್ತು. ಆದರೂ ಡಾಕ್ಟರರು ನಿರಾಳವಾಗಿದ್ದರು.

"ಇದು ಗೊತ್ತಿಲ್ದ ಕೈ ಹಾಕಿದ್ರ ತ್ರಾಸ ಇತ್ರಿ. ಈಗ ಗೊತ್ತಾತು, ಅಲ್ಲಿ ಹಗೂರಕ ಹೋಗ್ತೇನಿ."

ಚಿತ್ರದಲ್ಲಿ ಕಂಡದ್ದನ್ನು ನಾನು ಅವ್ವನಿಗೆ ಹೇಳಲಿಲ್ಲ. ಆಪರೇಷನ್ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಹೆದರಿಕೊಂಡು ಕೂತಿದ್ದೆ.

ಅವ್ವನಿಗೆ ಎಚ್ಚರವಾದ ಮೇಲೆ ಡಾಕ್ಟರರು ಬಂದು ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿದರು, ಮುಚ್ಚಿದಳು. ಹಲ್ಲು ತೋರಿಸಿ ಎಂದರು. ಗಂಡಸರ ಮುಂದೆ ಹಲ್ಲು ತೋರಿಸುವುದೆಂದರೇನು? ಅವ್ವ ಹೊದಿಕೆಯನ್ನೇ ಬಾಯಿಗೆ ಎಳೆದುಕೊಂಡಳು. "ಹಲ್ಲು ಕಿಸಿ ಬೇ," ಎಂದು ನಾನು ಗದರಿ ಹೊದಿಕೆ ಸರಿಸಿದೆ. ಅವಳಿಗೆ ನಾಚಿಕೆಗೆ ನಗುವೇ ಬಂದುಬಿಟ್ಟಿತು. ಎರಡೂ ಕಡೆ ಒಂದೇ ಸಮನಾಗಿ ತುಟಿ ಅರಳಿತು.

ನನಗೆ ಅಳು ತಡೆಯಲಾಗಲಿಲ್ಲ. ಅದನ್ನು ಕಂಡು ಅವ್ವನ ನಗು ಹಾರಿಹೋಯಿತು. ಕೆನ್ನೆ ಮುಟ್ಟಿಕೊಂಡು ಕೇಳಿದಳು:

"ಯಾಕ ಅಳ್ತಿ? ಸೊಟ್ಟ ಆಗೇತೇನು?"

"ಇಲ್ಲಬೇ. ಚಂದ ಕಾಣಾಕತ್ತಿ."

ಹುಟ್ಟಿದಾಗಿನಿಂದ ಅವಳಿಗೆ ಈ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ.