ಆಸ್ಪತ್ರೆಗೆಂದು ತೊಡಿಸಿದ ಅಂಗಿ

ಕಾಕುವಿನ ಬಲ ಮುಂಗೈ ತುಂಬ ಸುಟ್ಟ ಗೆರೆಗಳು. ಕೆಲವು ಹಳೆಯವು, ಬೆಳ್ಳಗಾದವು; ಒಂದೆರಡು ಯಾವಾಗಲೂ ಹೊಸವು. ಇದ್ದಲಿ ತುಂಬಿದ ಇಸ್ತ್ರಿ ಪೆಟ್ಟಿಗೆ ಎತ್ತಿ ಇಳಿಸುವಾಗ ತಾಗಿದ್ದು. "ಎಣ್ಣಿ ಹಚ್ಕೋರಿ ಕಾಕು" ಎಂದರೆ, "ಎಣ್ಣಿ ಕೈಲೆ ಮಂದಿ ಅರಿವಿ ಮುಟ್ಟಲೇನೋ?" ಎಂದು ನನ್ನನ್ನೇ ಗದರುತ್ತಿದ್ದರು.

ಹುಬ್ಬಳ್ಳಿಯಿಂದ ಗಬ್ಬೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಕಾಕು ಮತ್ತು ಅವರ ಗಂಡನ ಇಸ್ತ್ರಿ ಅಂಗಡಿ. ಅದರ ಹಿಂದಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ತೊಂಬತ್ತರ ದಶಕದ ಕೊನೆ. ಹೈಸ್ಕೂಲಿಗೆ ಹೊಸದಾಗಿ ಮಾಸ್ತರನಾಗಿ ಸೇರಿದ್ದೆ. ಕಾಲರು ಮುದುಡಿದ್ದರೆ ಕಾಕು ನನ್ನನ್ನು ತಡೆದು, ಅಂಗಿ ಬಿಚ್ಚಿಸಿ, ಬನಿಯನ್ನಿನಲ್ಲೇ ರಸ್ತೆಗೆ ನಿಲ್ಲಿಸಿ ಇಸ್ತ್ರಿ ಮಾಡಿಕೊಡುತ್ತಿದ್ದರು. ಅದೇ ಹೊತ್ತಿಗೆ ನನ್ನ ವಿದ್ಯಾರ್ಥಿಗಳು ಬಂದರೆಂದರೆ ಮಾನ ಹರಾಜು! "ನಮ್ಮಂಥಾ ಬಡವರದ್ದು ಮದ್ಲ ಅರಿವಿ ನೋಡ್ತಾರ ತಮ್ಮಾ, ಆಮ್ಯಾಲ ಮಾರಿ ನೋಡ್ತಾರ" ಎಂಬುದು ಅವರ ಮಾತು. ಗಂಡನನ್ನು ನಾನು ಕಾಕಾ ಎನ್ನುತ್ತಿದ್ದೆ. ಅವರು ಮಾತಿನವರಲ್ಲ. ಹೆಂಡತಿ ಬೈದರೂ ನಗು, ಬಡಿಸಿದರೂ ನಗು.

ಒಂದು ಭಾನುವಾರ ಮಧ್ಯಾಹ್ನ ಕಾಕಾ ಎದೆ ಒತ್ತಿ ಹಿಡಿದು ಅಂಗಡಿ ಕಟ್ಟೆಯ ಮೇಲೆ ಕೂತುಬಿಟ್ಟರು. "ಎದಿ ಹಿಡದೈತಿ, ಎಡಗೈ ಜಗ್ಗಾಕತ್ತೈತಿ" ಎಂದರು. ನಾನು ಓಡಿಹೋಗಿ ರಿಕ್ಷಾ ತಂದೆ. ಬಂದು ನೋಡಿದರೆ ಕಾಕು ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಾರೆ! ಕಣ್ಣಲ್ಲಿ ನೀರು, ಪೆಟ್ಟಿಗೆ ಮಾತ್ರ ನಿಂತಿಲ್ಲ.

"ಲಗೂ ಬರ್ರಿ ಕಾಕು!"

"ಬಂದ್ನೋ ತಮ್ಮಾ. ಈ ಹೊಲಸ ಬನೀನ್ಯಾಗ ಹೋದ್ರ ದವಾಖಾನ್ಯಾಗ ಒಂದ್ ಮೂಲ್ಯಾಗ ಕುಂದರಸ್ತಾರ. ಯಾರೂ ಮುಟ್ಟಿ ನೋಡಂಗಿಲ್ಲ."

ಅಂಗಿ ತೊಡಿಸಿ, ತಲೆ ಬಾಚಿ, ವಿಭೂತಿ ಹಚ್ಚಿ ಕಾಕಾನನ್ನು ರಿಕ್ಷಾ ಹತ್ತಿಸಿದರು.

ಖಾಸಗಿ ಆಸ್ಪತ್ರೆಯೊಂದರ ತುರ್ತು ವಿಭಾಗ. ಡ್ಯೂಟಿ ಡಾಕ್ಟರು ಕಾಕಾನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ಕಾಕಾನೂ ರೂಢಿಯಂತೆ ನಕ್ಕರು. "ಮದುವಿಗೆ ಹೊಂಟವರಂಗ ಅದಾರಲ್ರಿ! ಏನೂ ಆಗಿಲ್ಲ, ಗ್ಯಾಸ್ ಅಷ್ಟ. ಇಂಜೆಕ್ಷನ್ ಕೊಡ್ತೇನಿ, ಮನಿಗೆ ಕರ್ಕೊಂಡ ಹೋಗ್ರಿ." ಇಸಿಜಿ ತೆಗೆಯಲಿಲ್ಲ. ಕಾಕುವಿಗೆ ಜೀವ ಬಂದಂತಾಯಿತು. ದಾರಿಯುದ್ದಕ್ಕೂ ಕಂಡ ಗುಡಿಗೆಲ್ಲ ಕೈ ಮುಗಿದರು. ದೀಪ ಹಚ್ಚುವ ಹೊತ್ತಿಗೆ ಕಾಕಾ ಹೋಗಿಬಿಟ್ಟರು.

ಅದು ಹೃದಯಾಘಾತ, ಇಸಿಜಿ ತೆಗೆದಿದ್ದರೆ ಗೊತ್ತಾಗುತ್ತಿತ್ತು ಎಂದು ಪರಿಚಯದ ಡಾಕ್ಟರೊಬ್ಬರು ಹೇಳಿದರು. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣವೆಂದು ಹಟ ಹಿಡಿದವನು ನಾನೇ. "ಹ್ವಾದ ಜೀವ ಬರ್ತೈತೇನು?" ಎಂದ ಕಾಕು ನನ್ನ ಸಿಟ್ಟು ನೋಡಲಾರದೆ ಒಪ್ಪಿದರು. ತಾರೀಕು ಇದ್ದಾಗಲೆಲ್ಲ ಬುತ್ತಿ ಕಟ್ಟಿಕೊಂಡು ಇಬ್ಬರೂ ಧಾರವಾಡದ ಬಸ್ಸು ಹತ್ತುತ್ತಿದ್ದೆವು. ಆಸ್ಪತ್ರೆಯ ಪರ ವಕೀಲರ ಕರಿ ಕೋಟು ನೋಡಿ ಕಾಕು, "ತೋಳೆಲ್ಲಾ ಮುದುಡೇತಿ, ಪಾಪ, ಮನ್ಯಾಗ ಯಾರೂ ಇಲ್ಲೇನೋ" ಎಂದು ಮರುಗುತ್ತಿದ್ದರು.

ಸಾಕ್ಷಿ ಹೇಳಲು ನಿಂತ ನನಗೆ ಅದೇ ವಕೀಲರು ಕೇಳಿದರು: "ನೋವು ಬಂದ ಕೂಡಲೇ ಹೊರಟಿರೇನ್ರಿ?" ಹೌದು ಎಂದಿದ್ದರೆ ಮುಗಿದಿತ್ತು. ಪ್ರಮಾಣ ಮಾಡಿದ ಮಾಸ್ತರ ನಾನು, ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಚಟ ಬೇರೆ. "ಇಲ್ರಿ, ಹತ್ತು ಹದಿನೈದು ನಿಮಿಷ ತಡ ಆತು. ಕಾಕು ಅಂಗಿಗೆ ಇಸ್ತ್ರಿ ಮಾಡಾಕತ್ತಿದ್ರು" ಎಂದೆ. ವಕೀಲರು ಕಾಕುವಿನ ಕಡೆಗೆ ತಿರುಗಿ, "ಗಂಡ ಸಾಯಾಕತ್ತಾಗ ಇಸ್ತ್ರಿ!" ಎಂದರು. ನನ್ನ ಬಾಯಿಗೆ ಹುಳ ಬೀಳಲಿ! ಅಲ್ಲಿಯತನಕ ಆ ವಿಚಾರ ಕಾಕುವಿನ ತಲೆಗೇ ಬಂದಿರಲಿಲ್ಲ.

ಮರಳುವಾಗ ಬುತ್ತಿ ಬಿಚ್ಚಲಿಲ್ಲ. ನವಲೂರು ದಾಟಿದ ಮೇಲೆ ಕಾಕು ಮೆಲ್ಲಗೆ, "ನೀ ಖರೇನ ಹೇಳಿದಿ ತಮ್ಮಾ. ನಾನ ಅವರನ್ನ ಕೊಂದ್ನೇನೋ?" ಎಂದರು. "ಹಂಗನ್ನಬ್ಯಾಡ್ರಿ" ಎಂದೆ. ಅಂದಿನಿಂದ ಇಸ್ತ್ರಿಗೆ ಬಟ್ಟೆ ತಂದವರನ್ನೆಲ್ಲ ಅದನ್ನೇ ಕೇಳತೊಡಗಿದರು. ಎಲ್ಲರೂ "ಇಲ್ಲ ಬಿಡ್ರಿ" ಎನ್ನುತ್ತಿದ್ದರು. ಯಾರನ್ನೂ ಅವರು ನಂಬಲಿಲ್ಲ. ಊಟ ಬಿಟ್ಟರು, ಆಮೇಲೆ ಅಂಗಡಿ ಬಿಟ್ಟರು.

ಎರಡು ವರ್ಷದ ಮೇಲೆ ತೀರ್ಪು ಬಂದಾಗ ಕಾಕು ಹಾಸಿಗೆ ಹಿಡಿದಿದ್ದರು. ಇಸಿಜಿ ಇಲ್ಲದೆ ಕಳಿಸಿದ್ದು ನಿರ್ಲಕ್ಷ್ಯ, ತಪ್ಪು ಆಸ್ಪತ್ರೆಯದು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಗೆದ್ದೆವೆಂದು ಕೂಗುತ್ತಲೇ ಒಳಗೆ ಹೋದೆ.

"ಅದಿರ್ಲಿ. ಇಸ್ತ್ರಿದು ಏನ್ ಬರದಾರ?"

ಎಲ್ಲ ಪುಟ ತಿರುವಿದೆ. ಇಸ್ತ್ರಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು.

"ಬರದಾರ್ರಿ ಕಾಕು. ಹೆಂಡತಿ ಇಸ್ತ್ರಿ ಮಾಡಿದ್ದರಿಂದ ಏನೂ ಆಗಿಲ್ಲ, ಆಕೀದು ಎಳ್ಳಷ್ಟೂ ತಪ್ಪಿಲ್ಲ ಅಂತ ಬರದಾರ."

"ಎಲ್ಲಿ? ತೋರಸು."

ಕೊನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟೆ. ತೀರ್ಪಿನ ಪ್ರತಿಯನ್ನು ಎರಡೂ ಕಡೆಯವರಿಗೆ ಕಳಿಸತಕ್ಕದ್ದು ಎಂಬ ಸಾಲು ಅದು. ಕಾಕು ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ಅತ್ತರು. ಎಷ್ಟೋ ದಿನದ ಮೇಲೆ ಅಂದು ಒಂದು ರೊಟ್ಟಿ ತಿಂದರು.

ಮರುದಿನ ಮತ್ತೆ ಓದು ಎಂದರು. ಶ್ರಾವಣದಲ್ಲಿ ತೀರಿಕೊಳ್ಳುವವರೆಗೂ ದಿನಾ ಸಂಜೆ ನಾನು ಶಾಲೆಯಿಂದ ಬಂದ ಕೂಡಲೇ ಆ ಸಾಲು ಓದಿಸಿಕೊಳ್ಳುತ್ತಿದ್ದರು. ಒಂದು ಶಬ್ದ ಆಚೀಚೆಯಾದರೂ ಅವರಿಗೆ ಗೊತ್ತಾಗುತ್ತಿತ್ತಲ್ಲ, ಅದಕ್ಕೇ ಬಾಯಿಪಾಠ ಮಾಡಿಕೊಂಡಿದ್ದೆ. ಯಾವ ನ್ಯಾಯಾಧೀಶರೂ ಬರೆಯದ ಆ ಸಾಲು ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ.