ಭಾರೀ ಶೂ

ನನ್ನ ಮಾವ ಪೂವಪ್ಪನವರು ಡೊಂಬಿವಲಿಯ ಹೋಟೆಲೊಂದರಲ್ಲಿ ನಲ್ವತ್ತು ವರ್ಷ ದೋಸೆಕಲ್ಲಿನ ಮುಂದೆ ಹವಾಯಿ ಚಪ್ಪಲಿಯಲ್ಲೇ ನಿಂತವರು. ಶೂ ಎಂಬುದು ಅವರ ಪ್ರಕಾರ ಮದುವೆಯ ಫೋಟೋಕ್ಕೆ ಮಾತ್ರ.

ಮಕ್ಕಳಿಗೆ ಆಯ್ಕೆಯ ಸ್ವಾತಂತ್ರ್ಯ ಕೊಡಬೇಕೆಂದು ನಾನು ಮೊಬೈಲಿನಲ್ಲಿ ಓದಿದ್ದೆ. ಹಾಗಾಗಿ ಒಂಬತ್ತನೆಯ ತರಗತಿಯ ನನ್ನ ಮಗ ಯತಿನ್‌ಗೆ, "ಶಾಲೆಯ ಶೂ ನಿನ್ನಿಷ್ಟ. ಕಪ್ಪಿರಬೇಕು, ಜಾರಬಾರದು, ನನಗೂ ಹಿಡಿಸಬೇಕು" ಎಂದು ಪೂರ್ಣ ಸ್ವಾತಂತ್ರ್ಯ ಕೊಟ್ಟೆ. ಘೋಡಬಂದರ್ ರಸ್ತೆಯ ಮಾಲ್‌ನಲ್ಲಿ ಅವನು ಇಟ್ಟಿಗೆಯಷ್ಟು ದಪ್ಪ ಅಡಿಯ ಕಪ್ಪು ಶೂ ಆರಿಸಿದ. ಶಾಲೆಗೆ ಹೋಗುವಾಗ ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ ಮುಗ್ಗರಿಸಿದರೆ ಎಂದು ಮನೆಗೆ ಮರಳುವ ದಾರಿಯುದ್ದಕ್ಕೂ ನನಗೆ ಹೆದರಿಕೆ. ಆದರೆ ಮಾತು ಕೊಟ್ಟಾಗಿತ್ತು. ಬೇಡವೆನ್ನಲು ಬೇರೆಯವರ ಬಾಯಿ ಬೇಕಿತ್ತು.

ಮನೆಗೆ ಬಂದವನೇ ಯತಿನ್ ಮರಾಠಿಯಲ್ಲಿ, "ಅಜ್ಜಾ, ಭಾರೀ ಆಹೇ ನಾ?" ಎಂದ. ಸೂಪರ್ ಇದೆಯಲ್ಲವೇ ಎಂದು ಅವನ ಅರ್ಥ. ಮಾವ ಒಂದು ಶೂ ಎತ್ತಿ ಕೈಯಲ್ಲೇ ತೂಗಿದರು.

"ಹೌದು ಮಗಾ, ಭಾರ ಉಂಟು. ಅರ್ಧ ಕಿಲೋ ಬರ್ಬಹುದು."

"ನೋಡು, ಅಜ್ಜನೇ ಹೇಳಿದ್ರು! ವಾಪಸ್ ಕೊಡುವ" ಎಂದೆ ನಾನು.

"ನಿಲ್ಲು ಮಾರಾಯ್ತಿ" ಎನ್ನುತ್ತಾ ಮಾವ ಶೂಗಳೊಳಗೆ ಕಾಲು ತೂರಿಸಿದರು. ಅಡುಗೆಮನೆಗೆ ನಡೆದು ಗ್ಯಾಸಿನ ಮುಂದೆ ಸುಮ್ಮನೆ ನಿಂತರು.

"ಇದು ಆಗಲೇ ಸಿಕ್ಕಿದ್ರೆ ನನ್ನ ಮೊಣಕಾಲು ಉಳೀತಿತ್ತು."

ವಾಪಸಿನ ಮಾತು ಅಲ್ಲಿಗೇ ಮುಗಿಯಿತು. ಈಗ ಬೆಳಿಗ್ಗೆ ಯತಿನ್ ಆ ಶೂಗಳಲ್ಲಿ ಮೆಟ್ಟಿಲಿಳಿಯುವಾಗ ನನಗೊಂದು ಚಿಂತೆ. ಸಂಜೆ ಅವುಗಳಲ್ಲೇ ಮಾವ ವಾಕಿಂಗ್ ಹೊರಟರೆ ಇನ್ನೊಂದು.